ಐಸ್ ಪೆಟ್ಟಿಗೆಯೊಳಗೆ ಬಾರ್ಲಿಯ ಒಂದು ತಾಸು

ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನ ನಮ್ಮ ಮನೆಯ ಗ್ಯಾರೇಜಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ದುಂಡನೆಯ ಡಬ್ಬವೊಂದಿದೆ. 38 ಲೀಟರ್ ಹಿಡಿಯುತ್ತದೆ. ಅಮೆರಿಕದಲ್ಲಿ ರಸ್ತೆ ಕೆಲಸದವರ ಟ್ರಕ್ಕಿನ ಹಿಂದೆ, ಆಟದ ಮೈದಾನದ ಅಂಚಿನಲ್ಲಿ ತಣ್ಣೀರು ತುಂಬಿ ಇಟ್ಟಿರುತ್ತಾರಲ್ಲ, ಅದೇ ಕೂಲರ್. ನಮ್ಮ ಕಡೆ ಕೂಲರ್ ಎಂದರೆ ಗಾಳಿ ಬೀಸುವ ಯಂತ್ರ ನೆನಪಾಗುತ್ತದೆ. ಇದು ಎರಡು ಗೋಡೆಗಳ ಪ್ಲಾಸ್ಟಿಕ್ ಡಬ್ಬ, ಗೋಡೆಗಳ ನಡುವೆ ಶಾಖ ತಡೆಯುವ ಫೋಮ್, ಇಷ್ಟೇ. ತಿಂಗಳಿಗೊಂದು ಶನಿವಾರ ಇದರೊಳಗೆ 15 ಲೀಟರ್ ಬಿಸಿನೀರು, 5 ಕಿಲೋ ಒಡೆದ ಬಾರ್ಲಿ ಮಾಲ್ಟು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಕಿ ಕಲಕಿ ಮುಚ್ಚಳ ಮುಚ್ಚುತ್ತೇನೆ. ಒಂದು ತಾಸು ಬಿಟ್ಟು ನಲ್ಲಿ ತಿರುಗಿಸಿದರೆ ಬೆಲ್ಲದ ಎಳೆಪಾಕದ ಬಣ್ಣದ, ಬೆರಳಿಗೆ ಅಂಟುವ ಸಿಹಿರಸ ಇಳಿಯುತ್ತದೆ. ಅದನ್ನು ವರ್ಟ್ ಎನ್ನುತ್ತಾರೆ. ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಕೆಲವು ವಾರಗಳಲ್ಲಿ ಬಿಯರ್ ಆಗುವುದು ಈ ರಸವೇ. ಡಬ್ಬದೊಳಗಿನ ಮಾಲ್ಟು, ಬಿಸಿನೀರಿನ ಮಿಶ್ರಣಕ್ಕೆ ಮ್ಯಾಶ್ ಎಂದು ಹೆಸರು, ಆ ಒಂದು ತಾಸಿನ ಮಟ್ಟಿಗೆ ನಮ್ಮ ಡಬ್ಬದ ಹೆಸರು ಮ್ಯಾಶ್ ಟನ್.

ಇಲ್ಲಿನ ಕನ್ನಡ ಕೂಟದ ಗೆಳೆಯರು ಮನೆಗೆ ಬಂದಾಗ, ಊರಿನವರು ಫೋನಿನಲ್ಲಿ ಸಿಕ್ಕಾಗ ಈ ಡಬ್ಬದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಲ್ಲಿ ಕೆಲವನ್ನು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಡಬ್ಬಕ್ಕೆ ಬರುವುದು ಒಂದೇ ವಿದ್ಯೆ, ಶಾಖ ಹಿಡಿದಿಟ್ಟುಕೊಳ್ಳುವುದು. ಪಿಷ್ಟವನ್ನು ಸಕ್ಕರೆ ಮಾಡುವ ಕೆಲಸ ಮೊಳಕೆ ಬಂದ ಬಾರ್ಲಿಯೊಳಗಿನ ಕಿಣ್ವಗಳದ್ದು. ರಸ ಸೋಸುವ ಕೆಲಸ ಬಾರ್ಲಿಯ ಸಿಪ್ಪೆಯದ್ದು. ಯಾರ ಕೆಲಸ ಯಾರದ್ದು ಎಂದು ತಿಳಿದುಕೊಳ್ಳದೆ ಎಲ್ಲವನ್ನೂ ಡಬ್ಬದ ತಲೆಗೆ ಕಟ್ಟುವುದರಿಂದಲೇ ಮುಕ್ಕಾಲು ಪಾಲು ತಪ್ಪು ತಿಳಿವಳಿಕೆಗಳು ಹುಟ್ಟಿವೆ.

"ಮನೆಯಲ್ಲಿ ಮಾಡಿದ್ದು ಎಂದರೆ ಕಳ್ಳಭಟ್ಟಿ ತಾನೇ? ಕಣ್ಣು ಹೋಗುವುದಿಲ್ಲವೇ?"

ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡಿನ ಗಡಿಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಂದಿ. ಸತ್ತವರಲ್ಲಿ ಹೆಚ್ಚಿನವರು ಕೂಲಿನಾಲಿ ಮಾಡಿ ಬದುಕುವವರು. ಆ ನೆನಪಿರುವ ಯಾರೇ ಆದರೂ ಹೀಗೆ ಕೇಳುವುದು ಸಹಜ. ಆದರೆ ಆ ಜೀವಗಳನ್ನು ತೆಗೆದದ್ದು ಲಾಭಕ್ಕಾಗಿ ಬೆರೆಸಿದ್ದ ಮೆಥನಾಲ್. ಬಾರ್ಲಿ ರಸ ಹುದುಗಿದಾಗ ಮೆಥನಾಲ್ ಹುಟ್ಟುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಬಿಯರಿನಲ್ಲಿ ಭಟ್ಟಿ ಇಳಿಸುವ ಹಂತವೇ ಇಲ್ಲದ್ದರಿಂದ ಅದು ಒಂದೆಡೆ ಸಾಂದ್ರವಾಗುವುದೂ ಇಲ್ಲ.

ಕಾನೂನಿನ ಮಾತು ಬೇರೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಅಮೆರಿಕದಲ್ಲಿ ಮನೆಬಿಯರಿಗೆ ಒಕ್ಕೂಟ ಸರ್ಕಾರದ ಅನುಮತಿ ಸಿಕ್ಕಿದ್ದು 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆಯಿಂದ. ಅದು ಜಾರಿಗೆ ಬಂದದ್ದು 1979ರ ಫೆಬ್ರುವರಿಯಲ್ಲಿ. ವಯಸ್ಕರು ಒಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ. ರಾಜ್ಯಗಳು ಒಂದೊಂದಾಗಿ ಒಪ್ಪುತ್ತಾ ಬಂದು, ಕೊನೆಯದಾಗಿ ಅಲಬಾಮಾ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಭಟ್ಟಿ ಇಳಿಸುವುದಕ್ಕೆ ಈ ಅನುಮತಿ ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಅದರಲ್ಲಿ ಬಿಯರೂ ಸೇರಿದೆ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಮನೆಬಿಯರಿಗೆ ಅನುಮತಿ ಇರುವ ದೇಶಗಳ ಗ್ಯಾರೇಜುಗಳ ಮಾತು. ಊರಿನಲ್ಲಿರುವವರು ಇದನ್ನು ತಿಳಿವಳಿಕೆಗಾಗಿ ಓದಬೇಕೇ ಹೊರತು ಮಾಡಿ ನೋಡುವುದಕ್ಕಲ್ಲ.

"ತಣ್ಣಗಿಡುವ ಪೆಟ್ಟಿಗೆ ಬಿಸಿ ಹೇಗೆ ಹಿಡಿಯುತ್ತದೆ? ಇದೊಂದು ಜುಗಾಡ್."

ಶಾಖ ಒಳಗೆ ಬರುವುದನ್ನು ತಡೆಯುವ ಗೋಡೆಯೇ ಹೊರಗೆ ಹೋಗುವುದನ್ನೂ ತಡೆಯುತ್ತದೆ. ಗೋಡೆಗೆ ದಿಕ್ಕಿನ ಭೇದವಿಲ್ಲ. ಇಲ್ಲಿನ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ಎಷ್ಟು ಮಂದಿ ಕನ್ನಡಿಗರು ಪಾತ್ರೆಯನ್ನು ಇಂಥದೇ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿಯ ಜೊತೆ ಇಡುತ್ತಾರೆ! ಕೆಲಸ ಅದೇ. ಮುಕ್ಕಾಲು ತುಂಬಿದ ಒಳ್ಳೆಯ ಕೂಲರ್ ಒಂದು ತಾಸಿನಲ್ಲಿ ಕಳೆದುಕೊಳ್ಳುವುದು ಒಂದೆರಡು ಡಿಗ್ರಿ ಸೆಲ್ಸಿಯಸ್. ಅಗ್ಗದ ಚೌಕನೆಯ ಪೆಟ್ಟಿಗೆಗಳಲ್ಲಿ ಮುಚ್ಚಳ ಎಷ್ಟೋ ಸಲ ಟೊಳ್ಳಾಗಿರುತ್ತದೆ, ಒಳಗೆ ಫೋಮ್ ಇರುವುದಿಲ್ಲ. ಮೇಲೊಂದು ಹಳೆಯ ಕಂಬಳಿ ಹೊದಿಸಿದರೆ ಆಯಿತು.

ಜುಗಾಡ್ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಹಳೆಯ ಏಲ್ ಬಿಯರ್ ಕಾರ್ಖಾನೆಗಳ ಮ್ಯಾಶ್ ಟನ್ನುಗಳಿಗೂ ಒಲೆ ಇರಲಿಲ್ಲ. ದೊಡ್ಡ ಮರದ ಅಥವಾ ಲೋಹದ ತೊಟ್ಟಿ, ಸುತ್ತ ಶಾಖ ತಡೆಯುವ ಹೊದಿಕೆ, ತಳದಲ್ಲಿ ಸೀಳುಗಳಿರುವ ತಟ್ಟೆ. ಲೆಕ್ಕ ಹಾಕಿ ಕಾಯಿಸಿದ ನೀರನ್ನು ಮಾಲ್ಟಿನೊಂದಿಗೆ ಬೆರೆಸಿ, ಒಂದೇ ಉಷ್ಣತೆಯಲ್ಲಿ ನಿಲ್ಲಿಸಿ, ಅದೇ ತೊಟ್ಟಿಯಿಂದ ರಸ ಬಸಿಯುತ್ತಿದ್ದರು. ಗ್ಯಾರೇಜಿನ ಕೂಲರ್ ಆ ವಂಶದ ಕುಡಿ. ಉಗಿ ಹಾಯಿಸಿ ಹಂತಹಂತವಾಗಿ ಬಿಸಿ ಏರಿಸುವುದು, ಮ್ಯಾಶಿನ ಒಂದು ಪಾಲನ್ನು ತೆಗೆದು ಕುದಿಸಿ ಮತ್ತೆ ಸೇರಿಸುವುದು ಯುರೋಪಿನ ಬೇರೆ ಕಡೆಯ ಪದ್ಧತಿಗಳು. ಹಿಂದಿನ ಕಾಲದಲ್ಲಿ ಮಾಲ್ಟು ಸರಿಯಾಗಿ ಮಾಗದೆ ಇರುತ್ತಿದ್ದಾಗ ಅವುಗಳ ಅಗತ್ಯ ಹೆಚ್ಚಿತ್ತು. ಈಗ ಅಂಗಡಿಯಲ್ಲಿ ಸಿಗುವ ಮಾಲ್ಟಿಗೆ ಒಂದೇ ಉಷ್ಣತೆಯ ವಿಧಾನ ಧಾರಾಳ ಸಾಕು.

"ಬಿಸಿಗೆ ಪ್ಲಾಸ್ಟಿಕ್ ಕರಗಿ ವಿಷ ಇಳಿಯುತ್ತದೆ."

ಈ ದುಂಡು ಕೂಲರುಗಳ ಒಳಗೋಡೆ ಪಾಲಿಎಥಿಲೀನ್. ಅದರಲ್ಲಿ ಹೆಚ್ಚು ಸಾಂದ್ರತೆಯದ್ದು ಕರಗಲು ಸುಮಾರು 130 ಡಿಗ್ರಿ ಬೇಕು. ನಾವು ಸುರಿಯುವ ನೀರು 80 ಡಿಗ್ರಿ ದಾಟುವುದಿಲ್ಲ, ಮ್ಯಾಶ್ ನಿಲ್ಲುವುದು 67ರ ಆಸುಪಾಸಿನಲ್ಲಿ. ಜನ ಹೆದರುವ ಬಿಸ್ಫಿನಾಲ್ ಎ ಪಾಲಿಕಾರ್ಬನೇಟಿನ ಸಂಗಾತಿ, ಪಾಲಿಎಥಿಲೀನ್ ತಯಾರಿಕೆಯಲ್ಲಿ ಅದರ ಬಳಕೆಯಿಲ್ಲ.

ಹಾಗೆಂದು ಕಣ್ಣುಮುಚ್ಚಿ ಸುರಿಯುವಂತಿಲ್ಲ. ಈ ಡಬ್ಬಗಳನ್ನು ತಯಾರಿಸುವುದು ತಂಪು ಪಾನೀಯಕ್ಕೆಂದು, ಬಿಸಿ ದ್ರವ ಹಾಕಬೇಡಿ ಎಂದು ಮೈಮೇಲೆ ಬರೆದಿರುವುದೂ ಉಂಟು. ಕುದಿಯುವ ನೀರನ್ನು ನೇರ ಸುರಿದರೆ ಒಳಗೋಡೆ ಮೆತ್ತಗಾಗಿ ಉಬ್ಬಿ ಸುಕ್ಕುಗಟ್ಟುತ್ತದೆ. ಚೌಕನೆಯ ಪೆಟ್ಟಿಗೆಗಳಲ್ಲಿ ಇದು ಹೆಚ್ಚು. ಮೀನು ಸಾಗಿಸುವ ಥರ್ಮೋಕಾಲ್ ಪೆಟ್ಟಿಗೆಯನ್ನಂತೂ ಈ ಕೆಲಸಕ್ಕೆ ಮುಟ್ಟಲೇಬಾರದು.

ನಿಜವಾಗಿ ಚಿಂತಿಸಬೇಕಾದದ್ದು ಡಬ್ಬಕ್ಕೆ ನಾವು ಸೇರಿಸುವ ಸಣ್ಣಪುಟ್ಟ ಸಾಮಾನಿನ ಬಗ್ಗೆ. ಡಬ್ಬದ ಜೊತೆ ಬರುವ ಗುಂಡಿ ಒತ್ತುವ ನಲ್ಲಿಯನ್ನು ಬಿಚ್ಚಿ, ಆ ತೂತಿಗೆ ಅರ್ಧ ಇಂಚಿನ ಬಾಲ್ ವಾಲ್ವ್ ಕೂರಿಸುತ್ತೇವೆ. ಅದು ಹಳೆಯ ಹಿತ್ತಾಳೆಯದ್ದಾದರೆ ಸೀಸದ ಅಂಶ ಇರಬಹುದು. ಅಮೆರಿಕದಲ್ಲಿ ಕುಡಿಯುವ ನೀರಿನ ಸಾಮಾನಿಗೆ ಶೇಕಡ 0.25ರ ಮಿತಿ ಬಂದದ್ದು 2014ರ ಜನವರಿಯಲ್ಲಿ, ಅದಕ್ಕೆ ಹಿಂದಿನ ಸಾಮಾನು ಗ್ಯಾರೇಜಿನಲ್ಲಿ ಬಿದ್ದಿದ್ದರೆ ಬೇಡ. ಸತು ಲೇಪಿಸಿದ ಕೊಳಾಯಿ ತುಂಡೂ ಬೇಡ, ಹುಳಿ ಸೇರಿದ ಬಿಸಿರಸಕ್ಕೆ ಸತು ಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ನಿಶ್ಚಿಂತೆಯಿಂದಿರುವುದು ಲೇಸು. ರಬ್ಬರ್ ಕೊಳವೆಯ ಜಾಗದಲ್ಲಿ ಆಹಾರಕ್ಕೆ ಬಳಸುವ ಸಿಲಿಕೋನ್ ಕೊಳವೆ. ತೋಟಕ್ಕೆ ನೀರು ಹಾಯಿಸುವ ಪೈಪನ್ನು ಬಳಸಿದವರ ಬಿಯರ್ ರುಚಿ ನೋಡಿದ್ದೇನೆ, ಹೊಸ ಚಪ್ಪಲಿಯ ವಾಸನೆ.

"ಸೋರಿದರೆ ಹೊರಗಿನಿಂದ ಸಿಲಿಕೋನ್ ಅಂಟು ಮೆತ್ತಿದರಾಯಿತು."

ಇದನ್ನು ನಾನು ಮಾಡಿದ್ದೇನೆ. ಮೊದಲ ಡಬ್ಬಕ್ಕೆ ವಾಲ್ವ್ ಕೂರಿಸಿ, ತಣ್ಣೀರು ತುಂಬಿ ಅರ್ಧ ತಾಸು ನೋಡಿದೆ. ಒಂದು ಹನಿಯೂ ಇಲ್ಲ. ಮರುದಿನ 75 ಡಿಗ್ರಿಯ ನೀರು ಹಾಕಿದ ಮೇಲೆ ಇಪ್ಪತ್ತು ನಿಮಿಷಕ್ಕೆ ಮೇಜು ಒದ್ದೆ. ವಾಲ್ವಿನ ಸುತ್ತ ಕೈಯಾಡಿಸಿದರೆ ಒಣಗಿತ್ತು, ನೀರು ಬರುತ್ತಿದ್ದದ್ದು ಡಬ್ಬದ ತಳದ ಬೆಸುಗೆಯಿಂದ. ಅಂದರೆ ನೀರು ಒಳಗೋಡೆಯ ತೂತಿನಂಚಿನಿಂದ ನುಸುಳಿ, ಎರಡು ಗೋಡೆಗಳ ನಡುವೆ ಇಳಿದು, ಫೋಮನ್ನು ನೆನೆಸಿಕೊಂಡು ಕೆಳಗೆ ಹೊರಟಿತ್ತು. ಹೊರಗೆ ಎಷ್ಟು ಅಂಟು ಮೆತ್ತಿದರೂ ಆ ದಾರಿ ಮುಚ್ಚುವುದಿಲ್ಲ. ಮುಚ್ಚಿದಂತೆ ಕಂಡರೆ ಇನ್ನೂ ಕೆಟ್ಟದು, ನೀರು ಒಳಗೇ ನಿಂತು ಕೊಳೆಯುತ್ತದೆ. ಒದ್ದೆಯಾದ ಫೋಮ್ ಶಾಖವನ್ನೂ ತಡೆಯುವುದಿಲ್ಲ.

ಆಗಿದ್ದೇನೆಂದರೆ, ವಾಲ್ವಿನ ಎರಡೂ ವಾಷರುಗಳನ್ನು ನಾನು ಹೊರಗಡೆಗೆ ಹಾಕಿದ್ದೆ. ನೀರು ತಡೆಯಬೇಕಾದ ಜಾಗ ಒಳಗೋಡೆ. ದಪ್ಪ ಸಿಲಿಕೋನ್ ವಾಷರ್ ಅಲ್ಲಿ, ನೀರಿಗೆ ಮುಖ ಕೊಟ್ಟು ಕೂರಬೇಕು, ಅದರ ಮೇಲೆ ಅಗಲ ಸ್ಟೀಲ್ ಬಿಲ್ಲೆ, ಆಮೇಲೆ ನಟ್ಟು. ಪಾನಾ ಹಿಡಿದು ಜಗ್ಗಿ ಬಿಗಿದರೆ ಪ್ಲಾಸ್ಟಿಕ್ ಗೋಡೆ ಬಾಗಿ ವಾಷರ್ ಪಕ್ಕಕ್ಕೆ ಜಾರುತ್ತದೆ. ಕೈಯಲ್ಲಿ ಬಿಗಿದು, ಪಾನಾದಿಂದ ಕಾಲು ಸುತ್ತು ಸಾಕು. ಪರೀಕ್ಷೆಯನ್ನು ಯಾವಾಗಲೂ ಬಿಸಿನೀರಿನಲ್ಲೇ ಮಾಡಬೇಕು, ಪೂರ್ತಿ ಒಂದು ತಾಸು. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಹಿಗ್ಗಿದಾಗಲೇ ತೂತಿನ ದೋಷ ಹೊರಬೀಳುವುದು.

"ಅರ್ಧ ಡಿಗ್ರಿ ಆಚೀಚೆ ಆದರೂ ಎಲ್ಲ ಹಾಳು."

ಹೊಸಬರ ನಿದ್ದೆ ಕೆಡಿಸುವ ನಂಬಿಕೆ ಇದು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ಸರಿ ಮಾಡಿದ ಮನೆಗಳಲ್ಲಿ ಬೆಳೆದವರಿಗೆ ಮಾಲ್ಟು ಹೊಸದಲ್ಲ. ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಹಾಕಿ ಬೆಚ್ಚಗೆ ಇಟ್ಟರೆ ಅದು ನೀರಾಗಿ ಸಿಹಿಗೂಡುವುದನ್ನು ಅಮ್ಮಂದಿರು ಕಂಡಿದ್ದಾರೆ. ಮೊಳಕೆಯೊಡೆಯುವ ಕಾಳು ತನ್ನ ಪಿಷ್ಟವನ್ನು ಒಡೆಯಲು ಹುಟ್ಟಿಸಿಕೊಳ್ಳುವ ಅಮೈಲೇಸ್ ಕಿಣ್ವಗಳೇ ಅದಕ್ಕೆ ಕಾರಣ. ಬಾರ್ಲಿಯಲ್ಲಿ ಅಂಥವು ಮುಖ್ಯವಾಗಿ ಎರಡು. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿಯ ಹತ್ತಿರ ಚುರುಕು. ಪಿಷ್ಟದ ಸರಪಳಿಯ ತುದಿಯಿಂದ ಎರಡೆರಡು ಕೊಂಡಿ ಕತ್ತರಿಸುತ್ತಾ ಹೋಗುತ್ತದೆ, ಹಾಗೆ ಬಂದ ಸಕ್ಕರೆಯನ್ನು ಯೀಸ್ಟ್ ಪೂರಾ ತಿನ್ನುತ್ತದೆ. ಆಲ್ಫಾ ಅಮೈಲೇಸ್ 68ರಿಂದ 72ರಲ್ಲಿ ಹುರುಪಾಗಿ, ಸರಪಳಿಯನ್ನು ನಡುನಡುವೆ ಎಲ್ಲೆಂದರಲ್ಲಿ ತುಂಡರಿಸುತ್ತದೆ. ಹಾಗೆ ಉಳಿದ ದೊಡ್ಡ ತುಂಡುಗಳಲ್ಲಿ ಎಷ್ಟೋ ಯೀಸ್ಟಿನ ಬಾಯಿಗೆ ಸಿಗುವುದಿಲ್ಲ, ಬಿಯರಿಗೆ ಮೈ ಕೊಡುತ್ತವೆ. 64ರಲ್ಲಿ ನಿಲ್ಲಿಸಿದರೆ ತೆಳುವಾದ, ಒಣರುಚಿಯ ಬಿಯರ್. 69ರಲ್ಲಿ ನಿಲ್ಲಿಸಿದರೆ ದಪ್ಪನೆಯ, ತುಸು ಸಿಹಿ ಉಳಿದ ಬಿಯರ್. ಎರಡೂ ಬಿಯರೇ. 67 ಅಂದುಕೊಂಡದ್ದು 66ಕ್ಕೆ ನಿಂತರೆ ಕುಡಿಯುವವರಿಗೆ ಗೊತ್ತಾಗುವುದು ಕಷ್ಟ. ಇಂದಿನ ಮಾಲ್ಟಿನಲ್ಲಿ ಪಿಷ್ಟದ ಬಹುಪಾಲು ಮೊದಲ ಅರ್ಧ ತಾಸಿನಲ್ಲೇ ಮುಗಿದಿರುತ್ತದೆ. ಅನುಮಾನವಿದ್ದರೆ ತಟ್ಟೆಯಲ್ಲಿ ಒಂದು ಚಮಚ ರಸಕ್ಕೆ ಅಯೋಡಿನ್ ಹನಿ ಹಾಕಿ ನೋಡಬಹುದು. ಕಡುನೀಲಿಗೆ ತಿರುಗಿದರೆ ಪಿಷ್ಟ ಉಳಿದಿದೆ. ಆ ಚಮಚವನ್ನು ಮಾತ್ರ ಚೆಲ್ಲಿಬಿಡಬೇಕು.

ಕೆಡುವುದು ಐದಾರು ಡಿಗ್ರಿ ತಪ್ಪಿದಾಗ. ಹಾಗೆ ತಪ್ಪುವುದಕ್ಕೆ ಮೂರು ಕಾರಣ ನನಗೆ ಕಂಡಿವೆ. ಮೊದಲನೆಯದು ಲೆಕ್ಕ. ನೀರನ್ನು ಮ್ಯಾಶಿಗೆ ಬೇಕಾದ ಉಷ್ಣತೆಗಿಂತ ಹೆಚ್ಚು ಕಾಯಿಸಬೇಕು, ಮಾಲ್ಟು ತಣ್ಣಗಿರುತ್ತದೆ. ಎಷ್ಟು ಹೆಚ್ಚು? 0.41ನ್ನು ಒಂದು ಕಿಲೋ ಮಾಲ್ಟಿಗೆ ಹಾಕುವ ಲೀಟರ್ ನೀರಿನಿಂದ ಭಾಗಿಸಿ, ಮ್ಯಾಶಿನ ಗುರಿಗೂ ಮಾಲ್ಟಿನ ಈಗಿನ ಉಷ್ಣತೆಗೂ ಇರುವ ಅಂತರದಿಂದ ಗುಣಿಸಿದರೆ ಉತ್ತರ ಬರುತ್ತದೆ. ಕಿಲೋಗೆ 3 ಲೀಟರಿನಂತೆ, 20 ಡಿಗ್ರಿಯ ಮಾಲ್ಟನ್ನು 67ಕ್ಕೆ ತರಲು ನೀರು 73.4 ಇರಬೇಕು. ಜನವರಿಯಲ್ಲಿ ನಮ್ಮ ಗ್ಯಾರೇಜಿನಲ್ಲಿಟ್ಟ ಮಾಲ್ಟು 8 ಡಿಗ್ರಿಗೆ ಇಳಿದಿರುತ್ತದೆ, ಆಗ 75.1 ಬೇಕು. ಎರಡನೆಯದು ಡಬ್ಬದ ತಂಪು. ತಣ್ಣನೆಯ ಗೋಡೆ ತನ್ನ ಪಾಲಿನ ಶಾಖವನ್ನು ಮೊದಲು ಹೀರಿಕೊಳ್ಳುತ್ತದೆ. ಅದಕ್ಕೇ ನಾನು 79 ಡಿಗ್ರಿಯ ನೀರನ್ನು ಮೊದಲು ಸುರಿದು ಮುಚ್ಚಳ ಹಾಕಿ, ಹತ್ತು ನಿಮಿಷ ಬಿಟ್ಟು, ಅಳತೆಗೆ ಇಳಿದ ಮೇಲೆ ಮಾಲ್ಟು ಹಾಕುವುದು. ಮೂರನೆಯದು ಥರ್ಮಾಮೀಟರ್. ಪುಡಿಮಾಡಿದ ಮಂಜುಗಡ್ಡೆಯ ನೀರಿನಲ್ಲಿ ಅದು ಸೊನ್ನೆ ತೋರಿಸುತ್ತದೆಯೇ, ಕುದಿನೀರಿನಲ್ಲಿ ನೂರರ ಹತ್ತಿರ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ಪೋರ್ಟ್‌ಲ್ಯಾಂಡ್ ಸಮುದ್ರಮಟ್ಟದ ಹತ್ತಿರವಿರುವುದರಿಂದ ಇಲ್ಲಿ ನೂರು ಸರಿ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97ರಲ್ಲಿ.

ಇನ್ನು ಕಲಕುವುದು. ಮಾಲ್ಟನ್ನು ಒಮ್ಮೆಲೇ ಸುರಿದರೆ ಹೊರಗೆ ಒದ್ದೆ, ಒಳಗೆ ಒಣಹಿಟ್ಟು ಇರುವ ಗಂಟುಗಳಾಗುತ್ತವೆ. ರಾಗಿ ಮುದ್ದೆ ತಿರುವಿದ ಕೈಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತೆ ಹಾಸನದಿಂದ ತಂದುಕೊಟ್ಟ ಮುದ್ದೆ ಕೋಲು ನನ್ನ ಬಳಿ ಇದೆ, ಅಮೆರಿಕದ ಅಂಗಡಿಯ ಮ್ಯಾಶ್ ಹುಟ್ಟಿಗಿಂತ ಗಂಟು ಚೆನ್ನಾಗಿ ಒಡೆಯುತ್ತದೆ. ಕಲಕಿದ ಮೇಲೆ ನಡುವೆ, ಅಂಚಿನಲ್ಲಿ, ತಳದಲ್ಲಿ ಮೂರು ಕಡೆ ಉಷ್ಣತೆ ನೋಡಬೇಕು. ಒಂದೇ ಕಡೆ ನೋಡಿ ತಣ್ಣೀರು, ಬಿಸಿನೀರು ಎಂದು ಸುರಿಯುತ್ತಾ ಹೋದರೆ ಗೊಂದಲ ಮುಗಿಯುವುದೇ ಇಲ್ಲ.

"ದೊಡ್ಡ ಡಬ್ಬವಿದ್ದಷ್ಟೂ ಒಳ್ಳೆಯದು."

ಒಂದು ಕಿಲೋ ಮಾಲ್ಟು ನೀರಿನಲ್ಲಿ ಮುಳುಗಿದಾಗ ತೆಗೆದುಕೊಳ್ಳುವ ಜಾಗ ಸುಮಾರು 0.67 ಲೀಟರ್. 5 ಕಿಲೋ ಮಾಲ್ಟು, 15 ಲೀಟರ್ ನೀರು ಸೇರಿದರೆ 18 ಲೀಟರಿಗೆ ಸ್ವಲ್ಪ ಮೇಲೆ. 19 ಲೀಟರಿನ ಡಬ್ಬ ಕಂಠಮಟ್ಟ ತುಂಬುತ್ತದೆ, ಕಲಕುವುದಕ್ಕೆ ಜಾಗವಿಲ್ಲ. 38 ಲೀಟರಿನದ್ದರಲ್ಲಿ ಹಾಯಾಗಿ ಕಲಕಬಹುದು. 65 ಲೀಟರಿನ ಚೌಕನೆಯ ಪೆಟ್ಟಿಗೆಯಲ್ಲಿ ಅದೇ ಮ್ಯಾಶ್ ತಳದಲ್ಲಿ ತೆಳ್ಳಗೆ ಹರಡಿ, ಮೇಲಿನ ಖಾಲಿ ಗಾಳಿಗೆ ಶಾಖ ಬಿಟ್ಟುಕೊಡುತ್ತದೆ. ಮಾಡುವ ಬಿಯರಿನ ಎರಡರಷ್ಟು ಅಳತೆಯ ಡಬ್ಬ, ನನ್ನ ಲೆಕ್ಕ ಇಷ್ಟೇ.

"ತಳಕ್ಕೆ ದುಬಾರಿ ಜರಡಿ ತಟ್ಟೆ ಇಲ್ಲದಿದ್ದರೆ ರಸ ಸೋಸುವುದಿಲ್ಲ."

ಸೋಸುವುದು ಬಾರ್ಲಿಯ ಸಿಪ್ಪೆ. ತಳದ ಜಾಲರಿಯೋ ತಟ್ಟೆಯೋ ಆ ಸಿಪ್ಪೆಯ ಹಾಸಿಗೆ ನಲ್ಲಿಯೊಳಗೆ ನುಗ್ಗದಂತೆ ತಡೆದರೆ ಸಾಕು. ಮೊದಲು ಬರುವ ಒಂದೆರಡು ಲೀಟರ್ ಕದಡಿರುತ್ತದೆ. ಅದನ್ನು ಜಗ್ಗಿನಲ್ಲಿ ಹಿಡಿದು ಮೆಲ್ಲಗೆ ಮತ್ತೆ ಮೇಲಕ್ಕೆ ಸುರಿದರೆ ಸಿಪ್ಪೆಗಳು ಒಂದರ ಮೇಲೊಂದು ಕೂತು, ಆಮೇಲೆ ತಿಳಿರಸ ಬರುತ್ತದೆ.

ಜಾಲರಿಯನ್ನು ಮಾಡಿಕೊಳ್ಳುವುದು ನನಗೆ ತುಂಬ ಇಷ್ಟದ ಕೆಲಸ. ಸಿಂಕಿನ ಕೆಳಗೆ ನೀರು ಕೊಡುವ, ಮೇಲೆ ಸ್ಟೀಲ್ ತಂತಿ ಹೆಣೆದಿರುವ ಕೊಳವೆ ಇರುತ್ತದಲ್ಲ, ಅಂಥದ್ದೊಂದು ಬೇಕು. ಎರಡೂ ತುದಿಯ ನಟ್ಟುಗಳನ್ನು ಗರಗಸದಿಂದ ಕತ್ತರಿಸಿ ತೆಗೆಯಬೇಕು. ಹೆಣಿಗೆಯನ್ನು ಹಿಡಿದು ಎಳೆದರೆ ಅದು ಒಳಗಿನ ರಬ್ಬರನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹಿಂದಕ್ಕೆ ದೂಡಿದರೆ, ಲಂಗದ ನೆರಿಗೆ ಲಾಡಿಯ ಮೇಲೆ ಸರಿದಂತೆ ಸಡಿಲಾಗಿ ಸರಿಯುತ್ತದೆ. ಒಳಗಿನ ರಬ್ಬರನ್ನು ಎಳೆದು ತೆಗೆದ ಮೇಲೆ ಕೈಯಲ್ಲಿ ಉಳಿಯುವುದು ಹಾವಿನ ಪೊರೆಯಂಥ ಹಗುರ ಜಾಲರಿ. ಒಂದು ತುದಿಯನ್ನು ಮೂರು ಸಲ ಮಡಚಿ ಇಕ್ಕಳದಿಂದ ಒತ್ತಬೇಕು, ಇನ್ನೊಂದು ತುದಿಯನ್ನು ವಾಲ್ವಿನ ಒಳಮೂತಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು. ಕತ್ತರಿಸಿದ ತಂತಿಯ ಮೊನೆ ಸೂಜಿಯಂತೆ ಚುಚ್ಚುತ್ತದೆ, ಕೈಗವಸು ಇರಲಿ. ಮಾಲ್ಟಿನ ಭಾರಕ್ಕೆ ಜಾಲರಿ ಚಪ್ಪಟೆಯಾಗುವುದಾದರೆ ಒಳಗೆ ಸುರುಳಿ ಸುತ್ತಿದ ದಪ್ಪ ತಾಮ್ರದ ತಂತಿ ಇಡಬಹುದು. ಕೊಳ್ಳುವಾಗ ಒಂದು ಎಚ್ಚರ: ಸ್ಟೀಲಿನಂತೆ ಹೊಳೆಯುವ ಪ್ಲಾಸ್ಟಿಕ್ ಹೆಣಿಗೆಯ ಕೊಳವೆಗಳೂ ಇವೆ, ಅಯಸ್ಕಾಂತ ನಂಬಿ ಪರೀಕ್ಷಿಸುವಂತಿಲ್ಲ, ಹೆಣಿಗೆಯ ಒಂದು ಎಳೆಯನ್ನು ಬೆಂಕಿಕಡ್ಡಿಗೆ ಹಿಡಿದು ನೋಡುವುದು ನಿಖರ.

ಒರೆಗಾನಿನವರೇ ಆದ ಡೆನ್ನಿ ಕಾನ್, ಕೂಲರಿಗೆ ಇಂಥ ಜಾಲರಿ ಜೋಡಿಸಿ ಮಾಡುವ ಬ್ಯಾಚ್ ಸ್ಪಾರ್ಜ್ ವಿಧಾನವನ್ನು ಮನೆಬಿಯರಿನವರ ನಡುವೆ ಜನಪ್ರಿಯ ಮಾಡಿದವರು. ಸ್ಪಾರ್ಜ್ ಎಂದರೆ ಮಾಲ್ಟಿನಲ್ಲಿ ಉಳಿದ ಸಿಹಿಯನ್ನು ಬಿಸಿನೀರಿನಿಂದ ತೊಳೆದು ತೆಗೆಯುವುದು. ಕಾರ್ಖಾನೆಗಳು ಮೇಲಿನಿಂದ ನೀರು ಸಿಂಪಡಿಸುತ್ತಾ ಕೆಳಗಿನಿಂದ ಅಷ್ಟೇ ನಿಧಾನವಾಗಿ ರಸ ಇಳಿಸುತ್ತವೆ. ಆ ಕ್ರಮದಲ್ಲಿ ನೀರು ಒಂದೇ ದಾರಿ ಹಿಡಿದು ಹರಿದರೆ ಉಳಿದ ಕಡೆಯ ಸಿಹಿ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಇಡೀ ತಳ ಮುಚ್ಚುವ ಜರಡಿ ತಟ್ಟೆಗೆ ಅಲ್ಲಿ ಅರ್ಥವಿದೆ. ಬ್ಯಾಚ್ ಕ್ರಮದಲ್ಲಿ ಮೊದಲ ರಸವನ್ನು ಪೂರ್ತಿ ಬಸಿದು, ಮತ್ತೆ ಬಿಸಿನೀರು ಸುರಿದು, ಚೆನ್ನಾಗಿ ಕಲಕಿ, ಮತ್ತೆ ಬಸಿಯುತ್ತೇವೆ. ಕಲಕಿದಾಗ ಸಿಹಿ ಎಲ್ಲ ಕಡೆ ಸಮನಾಗುವುದರಿಂದ ರಸ ತಳದ ಯಾವ ಮೂಲೆಯಿಂದ ಇಳಿದರೂ ಒಂದೇ. ಕಿಲೋ ಮಾಲ್ಟು ಸುಮಾರು ಒಂದು ಲೀಟರ್ ನೀರನ್ನು ಹೀರಿಕೊಂಡು ಬಿಡುವುದಿಲ್ಲ. 15 ಲೀಟರ್ ಹಾಕಿದರೆ ಮೊದಲು 10 ಲೀಟರ್ ಬರುತ್ತದೆ, ಆಮೇಲೆ 16 ಲೀಟರ್ ಹಾಕಿದರೆ ಹೆಚ್ಚುಕಡಿಮೆ 16 ಲೀಟರೇ ಬರುತ್ತದೆ. ಕುದಿಸುವ ಪಾತ್ರೆಗೆ 26 ಲೀಟರ್ ಸಿದ್ಧ.

"ರಸ ಇಳಿಯುವುದು ನಿಂತರೆ ಡಬ್ಬದ ದೋಷ."

ಡಬ್ಬದ್ದಲ್ಲ, ಹೆಚ್ಚಾಗಿ ಗಿರಣಿಯದ್ದು. ಮಾಲ್ಟನ್ನು ಹಿಟ್ಟು ಮಾಡಬಾರದು. ಕಾಳು ಒಡೆಯಬೇಕು, ಸಿಪ್ಪೆ ಆದಷ್ಟು ಇಡಿಯಾಗಿ ಉಳಿಯಬೇಕು. ಸಿಪ್ಪೆಯೂ ಪುಡಿಯಾದರೆ ಸೋಸುವ ಹಾಸಿಗೆಯೇ ಇಲ್ಲದಾಗಿ ತಳದಲ್ಲಿ ಅಂಬಲಿ ನಿಲ್ಲುತ್ತದೆ. ನಲ್ಲಿಯನ್ನು ಒಮ್ಮೆಲೇ ಪೂರ್ತಿ ತೆರೆದರೂ ಹಾಸಿಗೆ ಕುಗ್ಗಿ ಬಿಗಿದುಕೊಳ್ಳುತ್ತದೆ. ಮೊದಲ ಕೆಲವು ನಿಮಿಷ ಕಾಲು ಭಾಗ ತೆರೆದರೆ ಸಾಕು.

ಗೋಧಿ ಮಾಲ್ಟು ಬಳಸುವಾಗ ಸಮಸ್ಯೆ ಬೇರೆ, ಗೋಧಿಗೆ ಸಿಪ್ಪೆಯೇ ಇಲ್ಲ. ಅದಕ್ಕೆ ಇಲ್ಲಿನ ಅಂಗಡಿಗಳಲ್ಲಿ ಚೀಲಗಟ್ಟಲೆ ಭತ್ತದ ಉಮಿ ಮಾರುತ್ತಾರೆ. ಮೊದಲ ಸಲ ಅದನ್ನು ಕಂಡಾಗ ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದೆ. ನಮ್ಮೂರ ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುತ್ತಿದ್ದ, ಸುಟ್ಟು ಹಲ್ಲುಪುಡಿ ಮಾಡುತ್ತಿದ್ದ, ಇಟ್ಟಿಗೆ ಗೂಡಿಗೆ ಒಯ್ಯುತ್ತಿದ್ದ ಅದೇ ಉಮಿ. ಅದಕ್ಕೆ ರುಚಿಯಿಲ್ಲ, ಸಿಹಿಯಿಲ್ಲ, ನೀರಿನಲ್ಲಿ ಮೆತ್ತಗಾಗುವುದಿಲ್ಲ. ಅರ್ಧದಷ್ಟು ಗೋಧಿ ಇರುವ 5 ಕಿಲೋ ಮಾಲ್ಟಿಗೆ ಕಾಲು ಕಿಲೋ ಉಮಿ ತೊಳೆದು ಬೆರೆಸಿದರೆ ರಸ ಸರಾಗವಾಗಿ ಇಳಿಯುತ್ತದೆ.

"77 ಡಿಗ್ರಿ ದಾಟಿದ ನೀರಿನಲ್ಲಿ ತೊಳೆದರೆ ಬಿಯರ್ ಒಗರಾಗುತ್ತದೆ."

ಅರ್ಧ ಸತ್ಯ. ಒಗರು ಕೊಡುವ ಸಿಪ್ಪೆಯ ಟ್ಯಾನಿನ್ ರಸಕ್ಕೆ ಇಳಿಯಲು ಬಿಸಿಯ ಜೊತೆ ಪಿಎಚ್ ಕೂಡ 6ರ ಹತ್ತಿರಕ್ಕೆ ಏರಬೇಕು. ಮ್ಯಾಶಿನ ಒಂದು ಪಾಲನ್ನು ಸಿಪ್ಪೆ ಸಮೇತ ಕುದಿಸುವ ಜರ್ಮನ್ ಪದ್ಧತಿಯ ಬಿಯರುಗಳು ಒಗರಾಗಿಲ್ಲದಿರುವುದು ಇದೇ ಕಾರಣಕ್ಕೆ, ಮ್ಯಾಶಿನ ಪಿಎಚ್ 5.2ರಿಂದ 5.6ರೊಳಗೆ ನಿಂತಿರುತ್ತದೆ. ಪೋರ್ಟ್‌ಲ್ಯಾಂಡಿನ ನಲ್ಲಿಗಳಿಗೆ ಬರುವ ಬುಲ್ ರನ್ ನದಿಯ ನೀರು ಬಹಳ ಮೃದು, ಇಲ್ಲಿ ಈ ಚಿಂತೆ ಕಡಿಮೆ. ಗಡಸು, ಕ್ಷಾರದ ನೀರಿರುವ ಊರಿನವರು ಥರ್ಮಾಮೀಟರಿಗಿಂತ ಮೊದಲು ಪಿಎಚ್ ನೋಡಬೇಕು.

"ಪಿಷ್ಟದಿಂದ ಎಷ್ಟು ಶೇಕಡ ಸಕ್ಕರೆ ತೆಗೆದೆ ಎನ್ನುವುದೇ ಬಿಯರಿನ ಅಳತೆ."

ಶೇಕಡ 75 ಬರುವವರು 80ಕ್ಕೆ ಏರಿಸಲು ವರ್ಷಗಟ್ಟಲೆ ಒದ್ದಾಡುವುದನ್ನು ಕಂಡಿದ್ದೇನೆ. ಆ ಅಂತರವನ್ನು ತುಂಬಲು ಬೇಕಾದದ್ದು 5 ಕಿಲೋಗೆ 330 ಗ್ರಾಂ ಹೆಚ್ಚು ಮಾಲ್ಟು, ಅಷ್ಟೇ. ಲಕ್ಷಾಂತರ ಲೀಟರ್ ಮಾಡುವ ಕಾರ್ಖಾನೆಗೆ ಅದು ದುಡ್ಡಿನ ಪ್ರಶ್ನೆ. ನಮಗೆ ಬೇಕಾದದ್ದು ಪ್ರತಿ ಸಲ ಅದೇ ಅಂಕಿ ಬರುವುದು. 72 ಬಂದರೂ ಪ್ರತಿ ಸಲ 72 ಬರುವ ಡಬ್ಬವನ್ನು ನಂಬಿ ಮುಂದಿನ ಸಲದ ಲೆಕ್ಕ ಹಾಕಬಹುದು.

"ಮ್ಯಾಶ್ ಟನ್ನನ್ನು ಪ್ರತಿ ಸಲ ಕ್ರಿಮಿಶುದ್ಧ ಮಾಡಬೇಕು."

ಬೇಕಿಲ್ಲ. ಇಲ್ಲಿಂದ ಹೊರಟ ರಸ ಮುಂದೆ ಒಂದು ತಾಸು ಕುದಿಯುತ್ತದೆ. ಕ್ರಿಮಿಶುದ್ಧಿಯ ಕಟ್ಟುನಿಟ್ಟು ಶುರುವಾಗುವುದು ಕುದಿಸಿ ಆರಿಸಿದ ಮೇಲೆ, ಯೀಸ್ಟ್ ಬೆರೆಸುವ ಪಾತ್ರೆಯಿಂದ. ಆದರೆ ತೊಳೆಯುವುದನ್ನು ನಾಳೆಗೆ ಇಡುವಂತಿಲ್ಲ. ಮಾಲ್ಟಿನ ಮೈಮೇಲೆ ಲ್ಯಾಕ್ಟೋಬ್ಯಾಸಿಲಸ್ ಸದಾ ಇರುತ್ತದೆ, ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದ ಬಳಗದ್ದೇ. ಬೆಚ್ಚಗಿನ ಡಬ್ಬದಲ್ಲಿ ಚರಟ ಒಂದು ರಾತ್ರಿ ಉಳಿದರೆ ಮರುದಿನ ಮುಚ್ಚಳ ತೆಗೆದಾಗ ಹುಳಿವಾಸನೆ ಮುಖಕ್ಕೆ ಬಡಿಯುತ್ತದೆ, ಪ್ಲಾಸ್ಟಿಕ್ ಅದನ್ನು ಬೇಗ ಬಿಡುವುದಿಲ್ಲ. ವರ್ಟ್ ಇನ್ನೂ ಕುದಿಯುತ್ತಿರುವಾಗಲೇ ನಾನು ಚರಟವನ್ನು ಬಕೆಟ್ಟಿಗೆ ತೋಡುತ್ತೇನೆ. ಪಕ್ಕದ ಮನೆಯ ಕೋಳಿಗಳಿಗೆ ಅದು ಎಷ್ಟು ಇಷ್ಟವೆಂದರೆ ಬಕೆಟ್ಟಿನ ಸದ್ದಿಗೇ ಬೇಲಿಯ ಬಳಿ ಬಂದು ನಿಲ್ಲುತ್ತವೆ. ಆಮೇಲೆ ಡಬ್ಬಕ್ಕೆ ಬಿಸಿನೀರು, ಮೆತ್ತನೆಯ ಬಟ್ಟೆ. ಗಟ್ಟಿ ನಾರಿನಿಂದ ಉಜ್ಜಿದರೆ ಗೀರು ಬಿದ್ದು, ಆ ಗೀರಿನಲ್ಲೇ ಮುಂದೆ ಕೊಳೆ ಕೂರುತ್ತದೆ. ಜಾಲರಿಯನ್ನು ಬಿಚ್ಚಿ ನಲ್ಲಿಯ ಕೆಳಗೆ ಹಿಡಿದು ಒಳಹೊರಗೆ ತೊಳೆಯಬೇಕು. ಬಾಲ್ ವಾಲ್ವಿನ ಉಂಡೆಯ ಹಿಂದೆ ಒಂದು ಚಮಚದಷ್ಟು ರಸ ಯಾವಾಗಲೂ ಸಿಕ್ಕಿಕೊಂಡಿರುತ್ತದೆ. ಬಿಸಿನೀರು ಹರಿಯುತ್ತಿರುವಾಗಲೇ ಹಿಡಿಯನ್ನು ನಾಲ್ಕಾರು ಸಲ ತೆರೆದು ಮುಚ್ಚಿ, ಕೊನೆಗೆ ಅರ್ಧ ತೆರೆದ ಸ್ಥಿತಿಯಲ್ಲಿ ಬಿಟ್ಟು, ಮುಚ್ಚಳ ಹಾಕದೆ ಡಬ್ಬವನ್ನು ಬೋರಲು ಹಾಕಿ ಒಣಗಿಸಬೇಕು.